ಪ್ಲೇಗಿಗೆ ಇದಿರು ನಿಂತ ಹಾಫ್‌ಕಿನ್

ಇಲಿ ಬಿದ್ದರೆ ಊರು ಬಿಡಬೇಕೆಂಬ ಮಾತನ್ನು ಹಿಂದಿನವರು ಬಲ್ಲರು. ತಾಳವಾಡಿಯಿಂದ ಗಡಿ ದಾಟಿದರೆ ಸಿಗುವ ಮೈಸೂರು ಸೀಮೆಯಲ್ಲಿ, ಮನೆಯೊಳಗೆ ಇಲಿ ಸತ್ತು ಬಿದ್ದೊಡನೆ ಜನರು ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ತಡಮಾಡಿದ ಮನೆಗಳಲ್ಲಿ ದೀಪ ಹಚ್ಚುವವರೂ ಉಳಿಯುತ್ತಿರಲಿಲ್ಲ. ಆ ಮಹಾಮಾರಿಯೇ ಪ್ಲೇಗು. ಮನುಷ್ಯರಿಗಾಗಿ ಅದರ ಲಸಿಕೆಯನ್ನು ಮೊದಲು ಸಿದ್ಧಪಡಿಸಿದ ಮಹನೀಯರು ವಾಲ್ಡೆಮಾರ್ ಹಾಫ್‌ಕಿನ್.

ಹಾಫ್‌ಕಿನ್ ಅವರು 1860ರಲ್ಲಿ ಕಪ್ಪು ಸಮುದ್ರದ ದಡದ ಒಡೆಸ್ಸಾದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಮತ ಬದಲಿಸಿದ್ದರೆ ಅಲ್ಲಿಯೇ ಪ್ರಾಧ್ಯಾಪಕ ಹುದ್ದೆ ದೊರೆಯುತ್ತಿತ್ತು. ಅವರು ಒಪ್ಪಲಿಲ್ಲ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಗ್ರಂಥಾಲಯದ ಸಹಾಯಕರಾಗಿ ಸೇರಿ, ಅಲ್ಲಿಯೇ ಸಂಶೋಧನೆ ನಡೆಸಿದರು. 1892ರಲ್ಲಿ ಕಾಲರಾ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿ, ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಿತು. ಹಾಫ್‌ಕಿನ್ ಅವರು ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಹಗಲಿರುಳು ದುಡಿದರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು ರೋಗಾಣುಗಳನ್ನು ಬೆಳೆಸಿ, ಕಾಯಿಸಿ ಕೊಂದು ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಅದನ್ನೂ ತಾವೇ ಮೊದಲು ಚುಚ್ಚಿಸಿಕೊಂಡರು. ಅದೇ ತಿಂಗಳು ಬೈಕುಲ್ಲಾ ಸೆರೆಮನೆಯಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೂ ಕೊಟ್ಟರು. ರೋಗ ಹೊಕ್ಕ ಮೇಲೆ ಈ ಲಸಿಕೆ ಕಾಯಲಾರದು, ಮೊದಲೇ ಹಾಕಿಸಿಕೊಳ್ಳಬೇಕು.

1898ರಲ್ಲಿ ನಮ್ಮ ಕನ್ನಡ ನಾಡಿನ ಹುಬ್ಬಳ್ಳಿಗೆ ಪ್ಲೇಗು ಬಂದಾಗ ಮೂವತ್ತು ಸಾವಿರಕ್ಕೂ ಹೆಚ್ಚು ಜನರು ಈ ಚುಚ್ಚುಮದ್ದು ಪಡೆದರು. ಅದನ್ನು ಪಡೆದವರಲ್ಲಿ ಸಾವು ಬಹಳ ಕಡಿಮೆಯಾಗಿತ್ತು.

ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಲಸಿಕೆ ಪಡೆದ 19 ಜನರು ಧನುರ್ವಾಯುವಿನಿಂದ ಸತ್ತರು. ತಪ್ಪೆಲ್ಲವನ್ನೂ ಹಾಫ್‌ಕಿನ್ ಅವರ ಮೇಲೆ ಹೊರಿಸಿ ಕೆಲಸದಿಂದ ದೂರವಿಡಲಾಯಿತು. ಜನರೂ ಲಸಿಕೆಗೆ ಅಂಜಿದರು. ಆ ಸೀಸೆ ಕೆಟ್ಟದ್ದು ಪ್ರಯೋಗಾಲಯದಲ್ಲಿ ಅಲ್ಲ, ಹಳ್ಳಿಯಲ್ಲಿ ಅದನ್ನು ತೆರೆಯುವಾಗ ಎಂದು ವಿಜ್ಞಾನಿಗಳು ವಾದಿಸಿದರು. ಅವರ ಮೇಲಿನ ಕಳಂಕ ತೊಳೆದುಹೋದದ್ದು 1907ರಲ್ಲಿ. ಅದೇ ವರ್ಷ ಭಾರತದಲ್ಲಿ ಪ್ಲೇಗಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನರು ಬಲಿಯಾದರು. ಕಳೆದ ಕಾಲವನ್ನು ಯಾರು ತಂದುಕೊಡಬಲ್ಲರು? ಆದರೂ ಅವರು ಕಹಿಯನ್ನು ನುಂಗಿ ಕಲ್ಕತ್ತಕ್ಕೆ ಮರಳಿ ಸೇವೆ ಸಲ್ಲಿಸಿದರು. 1925ರಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಡಲಾಯಿತು. 1930ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಿಧನರಾದರು.

ವಿದ್ಯಾರ್ಥಿಗಳೇ, ಪ್ಲೇಗು ಬೇಸಿಗೆಯಲ್ಲಿ ಇಳಿದು ಚಳಿಗಾಲದಲ್ಲಿ ಮತ್ತೆ ಏರುತ್ತ, ವರ್ಷವರ್ಷವೂ ಅಲೆಅಲೆಯಾಗಿ ಬರುತ್ತಿತ್ತು. ಕೊರೊನಾ ವೈರಾಣುವಾದರೋ ತನ್ನ ರೂಪವನ್ನೇ ಬದಲಿಸಿ ಹೊಸ ಅಲೆ ಎಬ್ಬಿಸಿತು. 2021ರಲ್ಲಿ ಡೆಲ್ಟಾ ಬಂದಾಗ ಲಸಿಕೆ ಪಡೆದವರು ಇನ್ನೂ ಕೆಲವರೇ ಇದ್ದುದರಿಂದ ಸಾವುಗಳು ಹೆಚ್ಚಿದವು. 2022ರ ಆರಂಭದಲ್ಲಿ ಓಮಿಕ್ರಾನ್ ಇನ್ನೂ ಬೇಗ ಹರಡಿದರೂ, ಅಷ್ಟರಲ್ಲಿ ಬಹುಜನರು ಲಸಿಕೆ ಪಡೆದಿದ್ದುದರಿಂದ ಸಾವುಗಳು ತಗ್ಗಿದವು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ. ಪೋಷಕರು ಮಕ್ಕಳಿಗೆ ಲಸಿಕೆಗಳನ್ನು ಆಯಾ ಕಾಲಕ್ಕೆ ತಪ್ಪದೆ ಹಾಕಿಸಲಿ. ಹಾಫ್‌ಕಿನ್ ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.