ವಿದ್ಯಾರ್ಥಿನಿಲಯಗಳ ಅಂಬೇಡ್ಕರ್

ಭಾರತ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರೆಂದು ಡಾ. ಭೀಮರಾವ್ ರಾಮಜಿ ಅಂಬೇಡ್ಕರ್ ಅವರನ್ನು ನಾಡಿನ ಪ್ರತಿಯೊಬ್ಬ ಶಾಲಾಬಾಲಕನೂ ಬಲ್ಲನು. ಮಹಾಡದ ಕೆರೆಯ ಸತ್ಯಾಗ್ರಹ, ದುಂಡುಮೇಜಿನ ಪರಿಷತ್ತು, ಪುಣೆಯ ಒಪ್ಪಂದ, ನಾಗಪುರದ ಧಮ್ಮದೀಕ್ಷೆ ಇವೆಲ್ಲವೂ ಪಠ್ಯಪುಸ್ತಕಗಳಲ್ಲಿ ಬಂದಿರುವ ಸಂಗತಿಗಳು. ಆದರೆ ಆ ಮಹನೀಯರು ತಮ್ಮ ಆಯುಷ್ಯದ ಮೂರು ದಶಕಗಳ ಕಾಲ ಬಿಡದೆ ಹಿಡಿದ ಮತ್ತೊಂದು ಕಾರ್ಯವಿದೆ. ಓದಲು ಊರು ಬಿಟ್ಟು ಬಂದ ಬಡ ಅಸ್ಪೃಶ್ಯ ಬಾಲಕನಿಗೆ ಒಂದು ಸೂರು, ಎರಡು ಹೊತ್ತಿನ ಊಟ ಮತ್ತು ತನ್ನಂಥವರ ಸಹವಾಸವನ್ನು ಒದಗಿಸಿಕೊಟ್ಟ ಕಾರ್ಯ ಅದು. ಶ್ರೀಮಠದ ಆಶ್ರಯದಲ್ಲಿ ನಡೆಯುವ ನಮ್ಮ ಶಾಲೆಯ ಸಂಚಿಕೆಯಲ್ಲಿ ಅದನ್ನು ನೆನೆಯುವುದು ಉಚಿತವೆಂದು ಭಾವಿಸಿ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಅಂಬೇಡ್ಕರರು 1891ರ ಏಪ್ರಿಲ್ 14ರಂದು ಮಹೂ ದಂಡುಪ್ರದೇಶದಲ್ಲಿ ಜನಿಸಿದರು. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು, ಕಬೀರಪಂಥದ ಭಕ್ತರು. ನಿವೃತ್ತಿಯ ನಂತರ ಕುಟುಂಬವು ಸಾತಾರೆಗೆ ಬಂದಿತು. ಅಲ್ಲಿಯ ಶಾಲೆ ಬಾಲಕ ಭೀಮನಿಗೆ ಬಾಗಿಲು ತೆರೆದಿತ್ತೆಂಬುದೇನೋ ನಿಜ. ಆದರೆ ಅವನು ಮನೆಯಿಂದ ತಂದ ಗೋಣಿತಟ್ಟನ್ನು ಹಾಸಿಕೊಂಡು ಪ್ರತ್ಯೇಕವಾಗಿ ಕುಳಿತುಕೊಳ್ಳಬೇಕಾಗಿತ್ತು. ಸಂಜೆ ಆ ತಟ್ಟನ್ನು ಸುತ್ತಿಕೊಂಡು ಮನೆಗೆ ಒಯ್ಯಬೇಕಾಗಿತ್ತು. ಬಾಯಾರಿದಾಗ ನಲ್ಲಿಯನ್ನು ಮುಟ್ಟುವಂತಿರಲಿಲ್ಲ. ಜವಾನನು ನಲ್ಲಿ ತಿರುಗಿಸಿದರೆ ನೀರು, ಜವಾನನಿಲ್ಲದ ದಿನ ನೀರೇ ಇಲ್ಲ. ಸರ್ಕಾರದ ದಾಖಲೆಯಲ್ಲಿ ಆ ಬಾಲಕನು ಶಾಲೆಯೊಳಗಿದ್ದನು, ವಸ್ತುತಃ ಹೊರಗಿದ್ದನು. ಪ್ರವೇಶ ಕೊಟ್ಟ ಮಾತ್ರಕ್ಕೆ ವಿದ್ಯೆ ಕೊಟ್ಟಂತಾಗುವುದಿಲ್ಲವೆಂಬ ಅರಿವು ಅವರಿಗೆ ಬಂದದ್ದು ಗ್ರಂಥಗಳಿಂದಲ್ಲ, ಆ ಗೋಣಿತಟ್ಟಿನಿಂದ.

1907ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಪ್ರೌಢಶಾಲೆಯಿಂದ ಮೆಟ್ರಿಕ್ಯುಲೇಷನ್ ತೇರ್ಗಡೆಯಾದರು. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿಗಳ ವಿದ್ಯಾರ್ಥಿವೇತನ ಕೊಟ್ಟಿದ್ದರಿಂದ ಕಾಲೇಜಿನ ಓದು ಸಾಗಿತು. ಅಲ್ಲಿ ಪ್ರೊಫೆಸರ್ ಮುಲ್ಲರ್ ಅವರು ಪುಸ್ತಕಗಳನ್ನೂ ಬಟ್ಟೆಗಳನ್ನೂ ಕೊಟ್ಟು ಸಲಹಿದರು. ಕಾಲೇಜಿನ ಹೋಟೆಲಿನವನು ಮಾತ್ರ ಚಹಾ ನೀರುಗಳನ್ನು ಕೊಡಲಿಲ್ಲ. 1913ರ ಜುಲೈನಲ್ಲಿ ಅದೇ ಮಹಾರಾಜರ ನೆರವಿನಿಂದ ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ತೆರಳಿದರು.

ಕೊಲಂಬಿಯಾದಲ್ಲಿ ಮೊದಲು ಹಾರ್ಟ್ಲಿ ಹಾಲ್, ಬಳಿಕ ಕಾಸ್ಮೊಪಾಲಿಟನ್ ಕ್ಲಬ್ಬು, ಕೊನೆಗೆ ಲಿವಿಂಗ್‌ಸ್ಟನ್ ಹಾಲ್ ಹೀಗೆ ವಿದ್ಯಾರ್ಥಿನಿಲಯಗಳಲ್ಲಿ ವಾಸವಾಯಿತು. ಲಿವಿಂಗ್‌ಸ್ಟನ್ ಹಾಲಿನಲ್ಲಿ ಪಾರಸಿ ತರುಣ ನವಲ್ ಭಥೇನಾ ಅವರ ಜೊತೆಗಾರರಾದರು. ಆ ಸ್ನೇಹ ಜೀವನವಿಡೀ ಉಳಿಯಿತು. ಹುಟ್ಟಿನಿಂದ ಇಪ್ಪತ್ತೆರಡು ವರ್ಷಗಳವರೆಗೆ ಒಂದು ಲೋಟ ನೀರಿಗೂ ಪರರ ಕೈ ನೋಡಿದವರು ಎಲ್ಲರೊಡನೆ ಒಂದೇ ಮೇಜಿನಲ್ಲಿ ಉಂಡರು, ಒಂದೇ ಗ್ರಂಥಾಲಯದಲ್ಲಿ ಓದಿದರು. ಸೆಲಿಗ್ಮನ್, ಜಾನ್ ಡ್ಯೂಯಿ ಮೊದಲಾದ ಆಚಾರ್ಯರ ಬಳಿ ಅಧ್ಯಯನ ನಡೆಯಿತು. 1915ರಲ್ಲಿ ಎಂ.ಎ. ಪದವಿ ಲಭಿಸಿತು, 1916ರ ಮೇ ತಿಂಗಳಲ್ಲಿ ಭಾರತದ ಜಾತಿಗಳ ಉಗಮವನ್ನು ಕುರಿತ ಪ್ರಸಿದ್ಧ ಪ್ರಬಂಧವನ್ನು ಅಲ್ಲಿಯೇ ಮಂಡಿಸಿದರು.

ಆದರೆ ಅಮೆರಿಕವು ಎಲ್ಲರಿಗೂ ಒಂದೇ ತೆರನಾಗಿರಲಿಲ್ಲ. ಕೊಲಂಬಿಯಾದಿಂದ ನಡೆದು ಹೋಗುವಷ್ಟು ದೂರದಲ್ಲಿ ಹಾರ್ಲೆಮ್ ಎಂಬ ಬಡಾವಣೆಯಿದೆ. ಅಂಬೇಡ್ಕರರಿದ್ದ ಆ ವರ್ಷಗಳಲ್ಲಿಯೇ ಅಲ್ಲಿ ಕಪ್ಪು ಜನರ ವಸತಿ ಬೆಳೆಯುತ್ತಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾಗಿ ಅರ್ಧ ಶತಮಾನ ಕಳೆದಿದ್ದರೂ ಆ ಜನರ ಮಕ್ಕಳಿಗೆ ದೊಡ್ಡ ವಿಶ್ವವಿದ್ಯಾನಿಲಯಗಳು ನಮ್ಮ ಸಾತಾರೆಯ ಶಾಲೆಯಂತೆಯೇ ಇದ್ದವು. ಕಪ್ಪು ಜನರ ಮಹಾವಿದ್ವಾಂಸ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರು 1888ರಲ್ಲಿ ಹಾರ್ವರ್ಡಿಗೆ ಓದಲು ಹೋದಾಗ ಅಲ್ಲಿಯ ವಿದ್ಯಾರ್ಥಿನಿಲಯದಲ್ಲಿರದೆ ಊರೊಳಗೆ ತಮ್ಮ ಜನರ ಮನೆಯೊಂದರಲ್ಲಿ ಕೊಠಡಿ ಹಿಡಿದು, ಸ್ನೇಹ ಸಲ್ಲಾಪಗಳನ್ನೆಲ್ಲ ತಮ್ಮವರ ನಡುವೆಯೇ ಕಂಡುಕೊಂಡರು. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಒಂದು ವರ್ಷ ಆರು ಮಂದಿ ಕಪ್ಪು ವಿದ್ಯಾರ್ಥಿಗಳು ಓದನ್ನು ಬಿಟ್ಟು ಹೋದರು, ಮರಳಿ ಬರಲಿಲ್ಲ. ಉಳಿದವರು ಒಬ್ಬರಿಗೊಬ್ಬರು ಆಸರೆಯಾಗಬೇಕೆಂದು ಒಟ್ಟುಗೂಡಿ ಓದತೊಡಗಿದರು. 1906ರಲ್ಲಿ ಏಳು ಮಂದಿ ತರುಣರು ಅದನ್ನೇ ಆಲ್ಫಾ ಫೈ ಆಲ್ಫಾ ಎಂಬ ಸಂಘವಾಗಿ ಸ್ಥಾಪಿಸಿದರು. ಅಂಬೇಡ್ಕರರು ಕೊಲಂಬಿಯಾ ಬಿಟ್ಟ ಎಂಟು ವರ್ಷಗಳ ಮೇಲೆ, 1924ರಲ್ಲಿ, ಅದೇ ಆವರಣದ ಫರ್ನಾಲ್ಡ್ ಹಾಲಿನಲ್ಲಿ ಫ್ರೆಡರಿಕ್ ವೆಲ್ಸ್ ಎಂಬ ಕಪ್ಪು ಜನಾಂಗದ ಕಾನೂನು ವಿದ್ಯಾರ್ಥಿಗೆ ಕೊಠಡಿ ಸಿಕ್ಕಿತೆಂಬುದಕ್ಕಾಗಿ ರಾತ್ರಿಯ ವೇಳೆ ಶಿಲುಬೆಯನ್ನು ಸುಟ್ಟು ಬೆದರಿಸಿದರು. ವೆಲ್ಸ್ ಕೊಠಡಿ ಬಿಡಲು ಒಪ್ಪಲಿಲ್ಲ. ಕೊಠಡಿಯೊಂದು ಎಷ್ಟು ದೊಡ್ಡ ವಿಷಯವಾಗಬಲ್ಲದೆಂಬುದನ್ನು ಅದರ ಅಭಾವವನ್ನು ಕಂಡವರೇ ಬಲ್ಲರು.

ಅಂಬೇಡ್ಕರರು ಕಂಡರು. ಲಂಡನ್ನಿನ ಓದು ಅರ್ಧಕ್ಕೆ ನಿಂತು, ವಿದ್ಯಾರ್ಥಿವೇತನದ ಕರಾರಿನಂತೆ 1917ರಲ್ಲಿ ಬಡೋದೆಯ ಸೇವೆಗೆ ಬಂದಾಗ ಆ ದೊಡ್ಡ ಪಟ್ಟಣದಲ್ಲಿ ಅವರಿಗೆ ಇರಲು ಸ್ಥಳ ದೊರೆಯಲಿಲ್ಲ. ಪಾರಸಿಗಳ ತಂಗುಮನೆಯೊಂದರಲ್ಲಿ ಹೆಸರು ಮರೆಸಿಕೊಂಡು ಹತ್ತು ದಿನ ಇದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಗುಂಪು ಬಂದು ಸಂಜೆಯೊಳಗೆ ಹೊರಡಬೇಕೆಂದು ಗದರಿಸಿತು. ಆಪ್ತರ ಮನೆಗಳೂ ಒಂದೊಂದು ನೆವ ಹೇಳಿದವು. ಕೊಲಂಬಿಯಾದ ಪದವೀಧರರು ಕಾಮಾಠಿ ಬಾಗಿನ ಮರದ ಕೆಳಗೆ ಹಲವು ಗಂಟೆಗಳ ಕಾಲ ಕುಳಿತಿದ್ದು ಮುಂಬಯಿಯ ರೈಲು ಹತ್ತಿದರು. 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದ ಮೇಲೂ ಸಹೋದ್ಯೋಗಿಗಳ ನೀರಿನ ಪಾತ್ರೆಯನ್ನು ಅವರು ಮುಟ್ಟಬಾರದೆಂಬ ಆಕ್ಷೇಪಣೆ ಬಂದಿತು.

ಈ ಕಾಲಕ್ಕೆ ಅವರಿಗೆ ದೊರೆತ ಪೋಷಕರು ಕೊಲ್ಲಾಪುರದ ಛತ್ರಪತಿ ಶಾಹು ಮಹಾರಾಜರು. ಶಾಹು ಮಹಾರಾಜರ ಹೆಸರು ನಮ್ಮ ಸಮಾಜಕ್ಕೂ ಆಪ್ತವಾದುದು. ಜಾತಿಗೊಂದು ವಿದ್ಯಾರ್ಥಿನಿಲಯವನ್ನು ಪ್ರೋತ್ಸಾಹಿಸಿ ಕೊಲ್ಲಾಪುರವನ್ನೇ ಅವರು ವಿದ್ಯಾರ್ಥಿನಿಲಯಗಳ ನಗರವನ್ನಾಗಿ ಮಾಡಿದರು. 1901ರಲ್ಲಿ ಮರಾಠರದು, 1907ರಲ್ಲಿ ಲಿಂಗಾಯತರದು, 1908ರಲ್ಲಿ ಮಿಸ್ ಕ್ಲಾರ್ಕ್ ಹೆಸರಿನ ಅಸ್ಪೃಶ್ಯ ಮಕ್ಕಳದು ಪ್ರಾರಂಭವಾದವು. ಒಬ್ಬರೇ ಪ್ರಭುವಿನ ನೆರಳಿನಲ್ಲಿ ಒಂದೇ ಊರಿನಲ್ಲಿ ನಮ್ಮ ಮಕ್ಕಳೂ ಆ ಮಕ್ಕಳೂ ಬೇರೆ ಬೇರೆ ಸೂರಿನಡಿ ಓದಿದರು. ಒಂದೇ ಸೂರು ಏಕಾಗಲಿಲ್ಲವೆಂದು ಇಂದು ಕೇಳುವುದು ಸುಲಭ. ಅಂದು ಒಂದೇ ಸೂರೆಂದಿದ್ದರೆ ಯಾವ ಸೂರೂ ಏಳುತ್ತಿರಲಿಲ್ಲವೆಂದು ಮಹಾರಾಜರು ಎಣಿಸಿರಬೇಕು. 1920ರ ಜನವರಿ 31ರಂದು ಅಂಬೇಡ್ಕರರು ಪ್ರಾರಂಭಿಸಿದ ಮೂಕನಾಯಕ ಪತ್ರಿಕೆಗೆ ಶಾಹು ಮಹಾರಾಜರು ಧನಸಹಾಯ ಮಾಡಿದರು.

ಮತ್ತೆ ಲಂಡನ್ನಿಗೆ ಹೋಗಿ ಡಿ.ಎಸ್ಸಿ. ಹಾಗೂ ಬ್ಯಾರಿಸ್ಟರ್ ಪದವಿಗಳೊಡನೆ ಹಿಂತಿರುಗಿದ ಅಂಬೇಡ್ಕರರು 1924ರ ಜುಲೈ 20ರಂದು ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು. ಆ ಸಭೆಯ ಮೊದಲ ದೊಡ್ಡ ಕಾರ್ಯ ಯಾವುದೆಂಬುದನ್ನು ಗಮನಿಸಬೇಕು: 1925ರ ಜನವರಿ 4ರಂದು ಸೊಲ್ಲಾಪುರದಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ಒಂದು ವಿದ್ಯಾರ್ಥಿನಿಲಯ. ಮಹಾಡದ ಸತ್ಯಾಗ್ರಹ ನಡೆದದ್ದು ಅದರ ನಂತರ, 1927ರಲ್ಲಿ. ಸೊಲ್ಲಾಪುರದ ನಿಲಯದಲ್ಲಿ ಹದಿನೈದು ಮಂದಿ ಹುಡುಗರಿಗೆ ಊಟ, ಬಟ್ಟೆ, ಬರೆಯುವ ಸಾಮಗ್ರಿಗಳ ವ್ಯವಸ್ಥೆ ಇತ್ತು. ಪೌರಸಭೆ ತಿಂಗಳಿಗೆ 40 ರೂಪಾಯಿ ಕೊಡುತ್ತಿತ್ತು. ಆ ಹುಡುಗರು ಸರಸ್ವತೀವಿಲಾಸ ಎಂಬ ಪತ್ರಿಕೆಯೊಂದನ್ನು ತಾವೇ ನಡೆಸಿದರು. ಅಕ್ಷರದ ಹತ್ತಿರ ಸುಳಿಯಬಾರದೆನಿಸಿಕೊಂಡಿದ್ದ ಕುಲಗಳ ಮಕ್ಕಳು ಸರಸ್ವತಿಯ ಹೆಸರಿನಲ್ಲಿಯೇ ಪತ್ರಿಕೆ ಹೊರಡಿಸಿದ್ದು ಸಾಮಾನ್ಯ ವಿಷಯವಲ್ಲ.

1928ರಲ್ಲಿ ದಲಿತ ವರ್ಗಗಳ ಶಿಕ್ಷಣ ಸಂಸ್ಥೆ ಸ್ಥಾಪಿತವಾಯಿತು. ಮುಂಬಯಿ ಪ್ರಾಂತದ ಸರ್ಕಾರವು ಒಪ್ಪಿಗೆ ಕೊಟ್ಟ ವಿದ್ಯಾರ್ಥಿನಿಲಯಗಳ ಹೊಣೆ ಈ ಸಂಸ್ಥೆಗೆ ಬಂದಿತು. ಪನವೇಲ್, ಠಾಣೆ, ನಾಸಿಕ, ಪುಣೆಗಳ ಜೊತೆಗೆ ನಮ್ಮ ಧಾರವಾಡದಲ್ಲಿಯೂ ಒಂದು ನಿಲಯ ನಡೆಯಿತು. ಕನ್ನಡ ನೆಲದಲ್ಲಿ ಅಂಬೇಡ್ಕರರು ಉಳಿಸಿಹೋದ ಗುರುತುಗಳಲ್ಲಿ ಇದು ಮುಖ್ಯವಾದುದು. ಮುಂದೆ ಬುದ್ಧರಕ್ಖಿತ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ನಿಪ್ಪಾಣಿ ಸೀಮೆಯವರಾದ ಬಲವಂತರಾವ್ ವರಾಳೆಯವರು ಅದರ ಮೇಲ್ವಿಚಾರಣೆಯನ್ನು ವಹಿಸಿಕೊಂಡು, ಕೊನೆಯವರೆಗೂ ಅಂಬೇಡ್ಕರರ ಒಡನಾಡಿಯಾಗಿ ಬಾಳಿ, ಆ ನೆನಪುಗಳನ್ನು ಮರಾಠಿಯಲ್ಲಿ ಗ್ರಂಥವಾಗಿ ಬರೆದಿದ್ದಾರೆ. ಸರ್ಕಾರದ ಹಣ ಸಾಲುತ್ತಿರಲಿಲ್ಲ. ಬ್ಯಾರಿಸ್ಟರರಾದ ಅಂಬೇಡ್ಕರರು ಸ್ಥಳೀಯ ಸಂಸ್ಥೆಗಳಿಗೂ ಪಾರಸಿ, ಮುಸ್ಲಿಂ ದಾನಿಗಳಿಗೂ ಪತ್ರ ಬರೆದು ನೆರವು ಬೇಡಿದರು.

ಅದೇ ಧಾರವಾಡದಲ್ಲಿ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಜೋಳಿಗೆ ಹಿಡಿದು ಪ್ರಸಾದನಿಲಯವನ್ನು ಬೆಳೆಸಿದರು. ಹಳ್ಳಿಯಿಂದ ಬಂದ ಹುಡುಗನಿಗೆ ಅನ್ನವಿಲ್ಲದೆ ಅಕ್ಷರವಿಲ್ಲವೆಂಬುದನ್ನು ನಮ್ಮ ಮಠಗಳು ಬಲ್ಲವು. ಅದನ್ನೇ ತ್ರಿವಿಧ ದಾಸೋಹವೆನ್ನುತ್ತೇವೆ. ಹರಳಯ್ಯ ಮಧುವರಸರ ಕಥೆಯನ್ನು ಭಕ್ತಿಯಿಂದ ಕೇಳುತ್ತೇವೆ. ಆದರೂ ನಮ್ಮ ಪಂಕ್ತಿಗಳಲ್ಲಿ ಹರಳಯ್ಯನ ಕುಲದ ಹುಡುಗನಿಗೆ ಎಲ್ಲ ಕಾಲದಲ್ಲಿಯೂ ಎಲ್ಲೆಡೆಯಲ್ಲಿಯೂ ಎಲೆ ಹಾಕಿದ್ದೆವೆಂದು ಎದೆ ಮುಟ್ಟಿಕೊಂಡು ಹೇಳುವಂತಿಲ್ಲ. ಹಾಕಿದ್ದರೆ ಧಾರವಾಡದಲ್ಲಿ ಎರಡನೆಯ ನಿಲಯದ ಅಗತ್ಯವೇ ಬೀಳುತ್ತಿರಲಿಲ್ಲ. ಈ ಮಾತನ್ನು ಬರೆಯಲು ನನಗೆ ಸಂಕೋಚವಿದೆ. ಬರೆಯದಿದ್ದರೆ ಈ ಚರಿತ್ರೆ ಅಪೂರ್ಣವಾಗುತ್ತದೆ.

ನಂತರದ ವರ್ಷಗಳ ರಾಜಕೀಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. 1942ರಲ್ಲಿ ವೈಸರಾಯರ ಕಾರ್ಯಾಂಗ ಮಂಡಲಿಯ ಸದಸ್ಯರಾದೊಡನೆ ಅವರು ಸಲ್ಲಿಸಿದ ಬೇಡಿಕೆಗಳಲ್ಲಿ ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳ ಉನ್ನತ ಶಿಕ್ಷಣಕ್ಕೆ ಹಣ ಬೇಕೆಂಬುದು ಪ್ರಮುಖವಾಗಿತ್ತು. ಸರ್ಕಾರ 3 ಲಕ್ಷ ರೂಪಾಯಿ ಒಪ್ಪಿತು. ಕೆಲವು ತರುಣರು ವಿದೇಶಗಳಿಗೂ ಹೋಗಿ ಓದಿಬಂದರು. 1945ರ ಜುಲೈ 8ರಂದು ಪೀಪಲ್ಸ್ ಎಜುಕೇಷನ್ ಸೊಸೈಟಿ ಹುಟ್ಟಿತು. 1946ರ ಜೂನ್ 20ರಂದು ಮುಂಬಯಿಯಲ್ಲಿ ಸೈನ್ಯದವರು ಬಿಟ್ಟುಹೋದ ಶೆಡ್ಡುಗಳಲ್ಲಿ ಸಿದ್ಧಾರ್ಥ ಕಾಲೇಜು ಆರಂಭವಾಯಿತು. ಅದು ಎಲ್ಲ ಜಾತಿಯವರಿಗೂ ತೆರೆದಿದ್ದ ಕಾಲೇಜು. ತಮ್ಮನ್ನು ದೂರವಿರಿಸಿದವರ ಮಕ್ಕಳನ್ನು ಅವರು ದೂರವಿರಿಸಲಿಲ್ಲ.

ಅದೇ 1946ರಲ್ಲಿ ಅಂಬೇಡ್ಕರರು ಡುಬಾಯ್ಸ್ ಅವರಿಗೆ ಒಂದು ಪತ್ರ ಬರೆದರು. ಅಮೆರಿಕದ ಕಪ್ಪು ಜನರು ವಿಶ್ವಸಂಸ್ಥೆಗೆ ಅಹವಾಲು ಸಲ್ಲಿಸುವರೆಂಬ ಸುದ್ದಿ ಕೇಳಿ ಅದರ ಪ್ರತಿಗಳನ್ನು ಕೋರಿದ ಪತ್ರ ಅದು. ತಾವು ಆ ಜನರ ಸಮಸ್ಯೆಯ ಅಭ್ಯಾಸಿಯೆಂದೂ ಅಸ್ಪೃಶ್ಯರ ಸ್ಥಿತಿಗೂ ಅವರ ಸ್ಥಿತಿಗೂ ಬಹಳ ಹೋಲಿಕೆಯಿದೆಯೆಂದೂ ಅದರಲ್ಲಿ ತಿಳಿಸಿದ್ದರು. ಡುಬಾಯ್ಸ್ ಅವರು ಸಹಾನುಭೂತಿಯಿಂದ ಉತ್ತರಿಸಿದರು.

1950ರಲ್ಲಿ ಅಂದಿನ ಹೈದರಾಬಾದ್ ಸಂಸ್ಥಾನದ ಔರಂಗಾಬಾದಿನಲ್ಲಿ ಮತ್ತೊಂದು ಕಾಲೇಜು ತಲೆಯೆತ್ತಿತು. 1951ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಅದರ ಕಟ್ಟಡಕ್ಕೆ ಅಡಿಗಲ್ಲಿಟ್ಟರು. ಮುಂದೆ ಅದಕ್ಕೆ ಮಿಲಿಂದ ಎಂಬ ಹೆಸರಾಯಿತು. ಆವರಣಕ್ಕೆ ನಾಗಸೇನವನವೆಂಬ ಹೆಸರು. ಮಿಲಿಂದನು ಗ್ರೀಕ್ ದೊರೆ, ನಾಗಸೇನನು ಬೌದ್ಧಭಿಕ್ಷು. ದೊರೆ ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿದನು, ಉತ್ತರ ಒಪ್ಪಿಗೆಯಾದಾಗ ಅಭಿಮಾನ ಬಿಟ್ಟು ಸೋಲೊಪ್ಪಿದನು. ಕಾಲೇಜಿಗೆ ಗೆದ್ದವನ ಹೆಸರಿಡದೆ ಕೇಳಿದವನ ಹೆಸರಿಟ್ಟದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಬರಗಾಲದ ಮರಾಠವಾಡದ ಹಳ್ಳಿಗಳಿಂದ ಬಂದ ಹುಡುಗರು ಅಲ್ಲಿಯ ನಿಲಯಗಳಲ್ಲಿ ನೆಲೆಸಿ ಓದಿದರು, ಚರ್ಚಿಸಿದರು, ನಾಟಕವಾಡಿದರು. ಪ್ರಾಂಶುಪಾಲ ಎಂ.ಬಿ. ಚಿಟ್ನಿಸ್ ಅವರು ಬರೆದ ಯುಗಯಾತ್ರಾ ನಾಟಕವನ್ನು 1955ರಲ್ಲಿ ವಿದ್ಯಾರ್ಥಿಗಳು ಪ್ರದರ್ಶಿಸಿದರು, ಅಂಬೇಡ್ಕರರು ಪ್ರೇಕ್ಷಕರಾಗಿದ್ದರು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದ ಅಂಬೇಡ್ಕರರು ಎರಡು ತಿಂಗಳೂ ತುಂಬುವ ಮೊದಲೇ, ಡಿಸೆಂಬರ್ 6ರಂದು, ದೆಹಲಿಯಲ್ಲಿ ಕಾಲವಶರಾದರು. ಅವರು ಎಬ್ಬಿಸಿದ ಸೂರುಗಳ ಕೆಳಗೆ ಮಾತು ಮಾತ್ರ ನಿಲ್ಲಲಿಲ್ಲ. ಮಿಲಿಂದದ ಅಧ್ಯಾಪಕ ಗಂಗಾಧರ ಪಾನತಾವಣೆಯವರ ಅಸ್ಮಿತಾದರ್ಶ ಪತ್ರಿಕೆ ದಲಿತ ಸಾಹಿತ್ಯಕ್ಕೆ ವೇದಿಕೆಯಾಯಿತು. ಮುಂಬಯಿಯಲ್ಲಿ ವಡಾಳಾದ ಸಿದ್ಧಾರ್ಥ ವಿಹಾರ ವಿದ್ಯಾರ್ಥಿನಿಲಯ ತರುಣ ಕವಿಗಳ ಅಡ್ಡೆಯಾಯಿತು. 1972ರಲ್ಲಿ ಆ ತರುಣರು ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯ ಹೆಸರನ್ನು ತೆಗೆದುಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ನಮ್ಮ ನಾಡಿನಲ್ಲಿ 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ಬೂಸಾ ಸಾಹಿತ್ಯದ ಮಾತಿಗಾಗಿ ಕಾಲೇಜುಗಳಲ್ಲಿ ಗಲಭೆಯೆದ್ದು ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ, ಅವರು ಕೂಡಿ ಯೋಚಿಸಿದ ಸ್ಥಳಗಳೂ ಹಾಸ್ಟೆಲುಗಳೇ. ಆ ಕುದಿಯಿಂದಲೇ ಭದ್ರಾವತಿಯ ಕನ್ನಡ ಅಧ್ಯಾಪಕ ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು.

ಧಾರವಾಡದ ನಿಲಯವನ್ನು ನೋಡಿಕೊಂಡಿದ್ದ ವರಾಳೆಯವರನ್ನು ಅಂಬೇಡ್ಕರರು ಔರಂಗಾಬಾದಿನ ಸಂಸ್ಥೆಗಳ ಕೆಲಸಕ್ಕೆ ಕರೆದರು. ಕುಟುಂಬವು ಅಲ್ಲಿಗೆ ಹೋಗಿ ನೆಲೆಸಿತು. ಅವರ ಮೊಮ್ಮಗ, ನಿಪ್ಪಾಣಿಯಲ್ಲಿ ಹುಟ್ಟಿದ ಪ್ರಸನ್ನ ವರಾಳೆಯವರು, 2022ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿ ಪ್ರಮಾಣ ವಚನ ಸ್ವೀಕರಿಸಿದರು.