ಬೀಗದ ಕೈಯನ್ನು ಕೈದಿಗೇ ಒಪ್ಪಿಸಿದ ಕ್ಯಾಪ್ಟನ್ ಮೆಕಾನಕಿ

ಕಳೆದ ತಪಸ್ಸುಕಾಲದ ಒಂದು ಭಾನುವಾರ, ಎರಡನೆಯ ಪೂಜೆ ಮುಗಿಸಿ ನಾವು ಪೂಜಾವಸ್ತ್ರ ಕಳಚುತ್ತಿದ್ದ ವೇಳೆಗೆ ವೃದ್ಧ ತಾಯಿಯೊಬ್ಬರು ಬಾಗಿಲಲ್ಲಿ ಬಂದು ನಿಂತರು. ಅವರ ಮಗ ಕೊಲೆಯ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆಗೆ ಗುರಿಯಾಗಿ ಹದಿಮೂರು ವರ್ಷಗಳನ್ನು ಸೆರೆಮನೆಯಲ್ಲಿ ಕಳೆದಿದ್ದಾನೆ. ಹದಿನಾಲ್ಕು ತುಂಬಿದ ಮೇಲೆ ಅವಧಿಪೂರ್ವ ಬಿಡುಗಡೆಗಾಗಿ ಅವನ ಹೆಸರು ಸಮಿತಿಯ ಮುಂದೆ ಬರಲಿದೆ. ಅವನು ಒಳ್ಳೆಯವನಾಗಿದ್ದಾನೆಂದು ನಾವೊಂದು ಪತ್ರ ಬರೆದುಕೊಡಬೇಕೆಂಬುದು ಆ ತಾಯಿಯ ಬೇಡಿಕೆ. ನಾವು ಲೇಖನಿ ಹಿಡಿದೆವು, ಬರೆಯಲಾಗಲಿಲ್ಲ. ಅವನ ಕೈಯಿಂದ ಹತನಾದವನ ಮನೆಯವರೂ ನಮ್ಮ ಧರ್ಮಕೇಂದ್ರದವರೇ. ಒಬ್ಬ ಮನುಷ್ಯ ಬದಲಾಗಿದ್ದಾನೆ ಎಂಬುದಕ್ಕೆ ಸಾಕ್ಷ್ಯ ಯಾವುದು? ಹೃದಯವನ್ನು ಕಾಣುವವನು ದೇವರೊಬ್ಬನೇ. ನಮಗೆ ಕಾಣುವುದು ಕೃತಿಗಳು ಮಾತ್ರ. ಈ ಪ್ರಶ್ನೆಗೆ ತಮ್ಮ ಬದುಕನ್ನೇ ಮುಡಿಪಾಗಿಟ್ಟ ಒಬ್ಬ ನೌಕಾಧಿಕಾರಿಯ ಚರಿತ್ರೆ ಅಂದು ನಮ್ಮ ನೆನಪಿಗೆ ಬಂತು. ಅವರೇ ಕ್ಯಾಪ್ಟನ್ ಅಲೆಕ್ಸಾಂಡರ್ ಮೆಕಾನಕಿ.

ಮೆಕಾನಕಿ ಹುಟ್ಟಿದ್ದು 1787ರ ಫೆಬ್ರವರಿ 11ರಂದು, ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರದಲ್ಲಿ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನನ್ನು ನ್ಯಾಯಾಧೀಶರಾಗಿದ್ದ ಬಂಧುವೊಬ್ಬರು ಸಾಕಿದರು. ಅವರು ಕಾನೂನು ಕಲಿಯಲೆಂಬುದು ಮನೆಯವರ ಅಭಿಲಾಷೆ. ಅವರಾದರೋ 1803ರಲ್ಲಿ ಬ್ರಿಟಿಷ್ ನೌಕಾಪಡೆಗೆ ಸೇರಿದರು. 1811ರ ಕ್ರಿಸ್ಮಸ್ ಹಿಂದಿನ ದಿನ ಅವರಿದ್ದ ಹಡಗು ಹಾಲೆಂಡಿನ ಕರಾವಳಿಯಲ್ಲಿ ನೆಲಕಚ್ಚಿತು. ಸೆರೆಸಿಕ್ಕ ನಾವಿಕರನ್ನು ಕೊರೆಯುವ ಚಳಿಯಲ್ಲಿ ಫ್ರಾನ್ಸಿನ ವೆರ್ಡನ್ ಕೋಟೆಯವರೆಗೆ ನಡೆಸಿಕೊಂಡು ಹೋದರು. 1814ರಲ್ಲಿ ನೆಪೋಲಿಯನ್ನನ ಪತನವಾಗುವವರೆಗೆ ಮೆಕಾನಕಿ ಯುದ್ಧಕೈದಿಯಾಗಿದ್ದರು. ಮುಂದೆ ಸೆರೆಮನೆಗಳನ್ನು ಸುಧಾರಿಸಲು ಹೊರಟವರಲ್ಲಿ ಸೆರೆಯ ಅನ್ನವನ್ನು ಸ್ವತಃ ಉಂಡವರು ವಿರಳ. ಇವರು ಆ ವಿರಳರಲ್ಲಿ ಒಬ್ಬರು.

ಯುದ್ಧಾನಂತರ ಅವರು ವಿದ್ವಾಂಸರಾಗಿ ಹೆಸರಾದರು. 1830ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಭೂಗೋಳ ಸಂಘದ ಮೊದಲ ಕಾರ್ಯದರ್ಶಿ ಅವರು. 1833ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮೊದಲ ಭೂಗೋಳ ಪ್ರಾಧ್ಯಾಪಕರೂ ಅವರೇ. ಸುಖವಾಗಿ ಅಲ್ಲಿಯೇ ಉಳಿಯಬಹುದಿತ್ತು. ಆದರೆ ಗೆಳೆಯ ಸರ್ ಜಾನ್ ಫ್ರಾಂಕ್ಲಿನ್ ಅವರು ಇಂದು ಟಾಸ್ಮೇನಿಯ ಎನಿಸಿಕೊಂಡಿರುವ ದ್ವೀಪದ ರಾಜ್ಯಪಾಲರಾಗಿ ನೇಮಕಗೊಂಡಾಗ, ಮೆಕಾನಕಿ ಅವರ ಆಪ್ತ ಕಾರ್ಯದರ್ಶಿಯಾಗಿ ಪತ್ನಿ ಮಕ್ಕಳೊಡನೆ ಹಡಗು ಹತ್ತಿ 1837ರಲ್ಲಿ ಅಲ್ಲಿಗೆ ತಲಪಿದರು. ಇಂಗ್ಲೆಂಡಿನಿಂದ ಗಡೀಪಾರಾದ ಕೈದಿಗಳನ್ನು ಅಲ್ಲಿ ದುಡಿಸಿಕೊಳ್ಳುತ್ತಿದ್ದ ರೀತಿಯನ್ನು ಕಂಡು, ಈ ಪದ್ಧತಿ ಕೈದಿಯನ್ನೂ ಯಜಮಾನನನ್ನೂ ಏಕಕಾಲದಲ್ಲಿ ಕೆಡಿಸುತ್ತದೆಂದು ಅವರು ವರದಿ ಬರೆದರು. 1838ರಲ್ಲಿ ಲಂಡನ್ನಿನಲ್ಲಿ ಅದು ಪ್ರಕಟವಾಯಿತು. ಗೆಳೆತನ ಮುರಿಯಿತು, ಉದ್ಯೋಗವೂ ಹೋಯಿತು.

ಆ ಕಾಲದಲ್ಲಿ ಸೆರೆವಾಸದ ಪರಮಾವಧಿ ನರಕವೆಂದು ಹೆಸರಾದುದು ನಾರ್ಫೋಕ್ ದ್ವೀಪ. ಸಿಡ್ನಿಯಿಂದ ಸುಮಾರು 1,600 ಕಿಲೋಮೀಟರ್ ದೂರದ ಆ ಒಂಟಿ ದ್ವೀಪಕ್ಕೆ, ಗಡೀಪಾರಾಗಿ ಬಂದು ಮತ್ತೆ ಅಪರಾಧವೆಸಗಿದವರನ್ನು ಅಟ್ಟುತ್ತಿದ್ದರು. 1834ರಲ್ಲಿ ಅಲ್ಲಿ ನಡೆದ ದಂಗೆಯ ನಂತರ, ಸಾಯಲಿರುವವರನ್ನು ಸಿದ್ಧಪಡಿಸಲು ಬೆನೆಡಿಕ್ಟಿನ್ ಗುರು ವಿಲಿಯಂ ಉಲ್ಲತೋರ್ನ್ ಹಡಗಿನಲ್ಲಿ ಹೋದರು. ಯಾರಿಗೆ ಗಲ್ಲು, ಯಾರಿಗೆ ಜೀವದಾನ ಎಂಬುದನ್ನು ಕೈದಿಗಳಿಗೆ ತಿಳಿಸಬೇಕಾದವರೂ ಅವರೇ ಆದರು. ಜೀವದಾನ ಪಡೆದವರು ಅತ್ತರೆಂದೂ ಗಲ್ಲಿಗೆ ಹೋಗಲಿದ್ದವರು ಮೊಣಕಾಲೂರಿ ದೇವರಿಗೆ ವಂದಿಸಿದರೆಂದೂ ಅವರು ಬರೆದಿಟ್ಟಿದ್ದಾರೆ. ಅಂದು 13 ಮಂದಿ ಗಲ್ಲಿಗೇರಿದರು. ಬದುಕು ಸಾವಿಗಿಂತ ಭಾರವಾಗಿದ್ದ ಆ ದ್ವೀಪಕ್ಕೆ 1840ರ ಮಾರ್ಚ್ ತಿಂಗಳಲ್ಲಿ ಮೆಕಾನಕಿ ಅಧಿಪತಿಯಾಗಿ ಕಾಲಿಟ್ಟರು.

ಅವರ ವಿಚಾರ ಸರಳ. ನ್ಯಾಯಾಲಯವು ಒಬ್ಬನಿಗೆ ಏಳು ವರ್ಷವೆಂದು ಶಿಕ್ಷೆ ವಿಧಿಸಿದರೆ, ಆತನು ಮಾಡಬೇಕಾದುದು ದಿನ ಎಣಿಸುವುದಷ್ಟೇ. ಸೋಮಾರಿಗೂ ಶ್ರಮಜೀವಿಗೂ ಗಡಿಯಾರ ಒಂದೇ ವೇಗದಲ್ಲಿ ನಡೆಯುತ್ತದೆ. ಆದ್ದರಿಂದ ಶಿಕ್ಷೆಯನ್ನು ಕಾಲದಿಂದ ಅಳೆಯದೆ ಕೆಲಸದಿಂದಲೂ ನಡತೆಯಿಂದಲೂ ಅಳೆಯಬೇಕು. ಏಳು ವರ್ಷದ ಶಿಕ್ಷೆಗೆ 6,000 ಅಂಕ, ಹತ್ತು ವರ್ಷಕ್ಕೆ 7,000, ಜೀವಾವಧಿಗೆ 8,000 ಎಂದು ಅವರು ನಿಗದಿ ಮಾಡಿದರು. ಚೆನ್ನಾಗಿ ದುಡಿದವನು ದಿನಕ್ಕೆ ಹತ್ತು ಅಂಕ ಗಳಿಸಬಹುದು. ಆದರೆ ಊಟ ಪುಕ್ಕಟೆಯಲ್ಲ. ಒರಟು ಊಟಕ್ಕೆ ಮೂರು ಅಂಕ, ಉತ್ತಮ ಊಟಕ್ಕೆ ಐದು ಅಂಕ ತೆರಬೇಕು. ತಪ್ಪು ಮಾಡಿದರೆ ಚಾಟಿಯ ಬದಲು ಅಂಕಗಳ ದಂಡ. ದಿನಕ್ಕೆ ಆರು ಅಂಕ ಉಳಿಸುವವನು ಏಳು ವರ್ಷದ ಶಿಕ್ಷೆಯನ್ನು ಸಾವಿರ ದಿನಗಳಲ್ಲಿ ತೀರಿಸಬಲ್ಲನು. ನಾಲಗೆಯ ಚಪಲವೋ ಬಿಡುಗಡೆಯೋ ಎಂಬ ಆಯ್ಕೆ ಪ್ರತಿ ಊಟದ ಹೊತ್ತಿಗೂ ಕೈದಿಯ ಮುಂದಿರುತ್ತಿತ್ತು.

ಇನ್ನೊಂದು ನಿಯಮ ನಮ್ಮ ಕುಟುಂಬಗಳು ಗಮನಿಸತಕ್ಕದ್ದು. ಆರಂಭದ ಹಂತ ದಾಟಿದ ಕೈದಿಗಳು ಆರಾರು ಮಂದಿಯ ಗುಂಪುಗಳಾಗಬೇಕಿತ್ತು. ಒಬ್ಬನು ತಪ್ಪಿದರೆ ಆರು ಮಂದಿಯ ಲೆಕ್ಕದಲ್ಲೂ ಅಂಕ ಕಡಿತವಾಗುವುದು. ಒಬ್ಬನ ದುಡಿಮೆ ಆರು ಮಂದಿಗೂ ಸಲ್ಲುವುದು. ತಾನೊಬ್ಬನೇ ಒಳ್ಳೆಯವನಾಗುವುದು ಸಾಲದು, ನೆರೆಯವನ ಹೊಣೆಯನ್ನೂ ಹೊರಬೇಕೆಂಬ ಪಾಠ ಇದರಲ್ಲಿತ್ತು. ಸದ್ಗುಣವೆಂಬುದು ಒಮ್ಮೆ ಮೂಡುವ ಭಾವನೆಯಲ್ಲ, ಮತ್ತೆ ಮತ್ತೆ ಮಾಡಿದ ಕೃತಿಗಳಿಂದ ಬೇರೂರಿದ ಸ್ವಭಾವ ಎಂದು ಅರಿಸ್ಟಾಟಲನೂ ಸಂತ ತೋಮಸ ಅಕ್ವಿನಾಸರೂ ಬೋಧಿಸಿದ್ದನ್ನು ನಾವು ಗುರುಮಠದಲ್ಲಿ ಓದಿದ್ದೆವು. ಮೆಕಾನಕಿಯವರ ಅಂಕದ ಪುಸ್ತಕವು ಆ ಬೋಧನೆಯ ದಿನಚರಿಯಂತಿತ್ತು.

ಅವರು ಗಲ್ಲುಗಂಬವನ್ನು ಕೆಡವಿಸಿದರು. ಕಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ಪ್ರತ್ಯೇಕ ದೇವಾಲಯಗಳನ್ನು ಕಟ್ಟಿಸಿದರು. ಐರ್ಲೆಂಡಿನ ಕೈದಿಗಳಲ್ಲಿ ಅನೇಕರು ನಮ್ಮ ವಿಶ್ವಾಸದವರೇ ಆಗಿದ್ದರು. ಪುಸ್ತಕಗಳನ್ನೂ ವಾದ್ಯಗಳನ್ನೂ ತರಿಸಿದರು. ಸತ್ತ ಕೈದಿಯ ಸಮಾಧಿಯ ಮೇಲೆ ಹೆಸರು ಕೆತ್ತಿದ ಕಲ್ಲಿಡಲು ಅನುಮತಿಯಿತ್ತರು. 1840ರ ಮೇ 25ರಂದು ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬವನ್ನು ಆಚರಿಸಿ, ಬಾಗಿಲುಗಳನ್ನು ತೆರೆದು ಕೈದಿಗಳೆಲ್ಲರನ್ನೂ ದ್ವೀಪದಲ್ಲಿ ಸ್ವತಂತ್ರವಾಗಿ ತಿರುಗಾಡಲು ಬಿಟ್ಟರು. ಸಂಜೆ ಕಹಳೆ ಮೊಳಗಿದಾಗ ಎಲ್ಲರೂ ಶಾಂತವಾಗಿ ಮರಳಿದರು. ಸಿಡ್ನಿಯ ಪತ್ರಿಕೆಗಳಾದರೋ ಅವರನ್ನು ಗೇಲಿ ಮಾಡಿದವು.

ಚಾರ್ಲ್ಸ್ ಆಂಡರ್ಸನ್ ಎಂಬ ಕೈದಿಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಯುದ್ಧದಲ್ಲಿ ತಲೆಗೆ ಪೆಟ್ಟಾಗಿ ಉಗ್ರಸ್ವಭಾವದವನಾಗಿದ್ದ ಈ ನಾವಿಕನನ್ನು ಸಿಡ್ನಿ ಬಂದರಿನ ನಡುಗಡ್ಡೆಯೊಂದರ ಬಂಡೆಗೆ ಸರಪಳಿಯಿಂದ ಬಿಗಿದಿದ್ದರು. ಜನರು ದೋಣಿಗಳಲ್ಲಿ ಬಂದು, ಮೃಗವನ್ನು ನೋಡುವಂತೆ ಅವನನ್ನು ನೋಡಿ ಹೋಗುತ್ತಿದ್ದರು. ಮೆಕಾನಕಿ ಅವನ ವಶಕ್ಕೆ ದ್ವೀಪದ ಪುಂಡ ಎತ್ತುಗಳನ್ನು ಒಪ್ಪಿಸಿ, ಇತರರಾರೂ ಅವನ ಕೆಲಸದಲ್ಲಿ ತಲೆಹಾಕದಂತೆ ನೋಡಿಕೊಂಡರು. ಎತ್ತುಗಳು ಪಳಗಿದವು, ಅವನೂ ಪಳಗಿದನು. ಮುಂದೆ ಬೆಟ್ಟದ ಮೇಲಿನ ಸಂಕೇತ ಠಾಣೆಯ ಹೊಣೆಯನ್ನೂ ಅವನಿಗೆ ಕೊಟ್ಟರು. 1843ರಲ್ಲಿ ರಾಜ್ಯಪಾಲ ಜಾರ್ಜ್ ಗಿಪ್ಸ್ ಮುನ್ಸೂಚನೆಯಿಲ್ಲದೆ ದ್ವೀಪಕ್ಕೆ ಬಂದಾಗ, ನಾವಿಕನ ಉಡುಪಿನಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದ್ದ ಆ ಮನುಷ್ಯನನ್ನು ಕಂಡು ಬೆರಗಾದರು.

ಆದಾಗ್ಯೂ ಈ ಚರಿತ್ರೆಯಲ್ಲಿ ಒಂದು ನೋವಿನ ಅಧ್ಯಾಯವಿದೆ. ಹೊಸದಾಗಿ ಬಂದ ಕೈದಿಗಳಿಗೆ ಮಾತ್ರ ಈ ಪದ್ಧತಿ ಅನ್ವಯಿಸಬೇಕೆಂದು ಗಿಪ್ಸ್ ಆಜ್ಞಾಪಿಸಿದ್ದರು. ಅಷ್ಟು ಚಿಕ್ಕ ದ್ವೀಪದಲ್ಲಿ ಒಬ್ಬರಿಗೆ ಆಶೆಯನ್ನೂ ಮತ್ತೊಬ್ಬರಿಗೆ ಹತಾಶೆಯನ್ನೂ ಹಂಚುವುದು ಸಾಧ್ಯವಿಲ್ಲವೆಂದು ಮೆಕಾನಕಿ ಎಲ್ಲರಿಗೂ ಅಂಕ ಕೊಟ್ಟರು. ಆದರೆ ಹಳೆಯ ಕೈದಿಗಳನ್ನು ಬಿಡುಗಡೆ ಮಾಡುವ ಅಧಿಕಾರ ಅವರಿಗಿರಲಿಲ್ಲ. ಲೆಕ್ಕ ಪೂರ್ತಿಯಾದ ಮೇಲೂ ಕೈದಿಗಳು ಅಲ್ಲಿಯೇ ಉಳಿಯಬೇಕಾಯಿತು. ದ್ವೀಪದೊಳಗೇ ತುಂಡು ನೆಲ ಕೊಟ್ಟು ಸಾಗುವಳಿ ಮಾಡಿಸುವುದಷ್ಟೇ ಅವರಿಂದಾಯಿತು. ಕೊಟ್ಟ ಮಾತು ಅರ್ಧದಲ್ಲಿ ನಿಂತಿತು. ಮೇಲಾಗಿ, ಅವರ ಹಿರಿಯ ಮಗಳಿಗೂ ಕೈದಿಯೊಬ್ಬನಿಗೂ ಪ್ರೀತಿಯುಂಟಾಗಿ, ಅವಳನ್ನು ಇಂಗ್ಲೆಂಡಿಗೆ ಕಳುಹಿಸಬೇಕಾಯಿತು. ಮನೆಯೊಳಗಿನ ಈ ಸಂಕಟವೂ ಅವರ ನಂಬಿಕೆಯನ್ನು ಕದಲಿಸಲಿಲ್ಲ.

ಗಿಪ್ಸ್ ತಾವು ಕಂಡುದನ್ನು ಬಹುಮಟ್ಟಿಗೆ ಮೆಚ್ಚಿ ಬರೆದರೂ ಲಂಡನ್ನಿನ ಅಧಿಕಾರಿಗಳು ಮೆಕಾನಕಿಯವರನ್ನು ಹಿಂದಕ್ಕೆ ಕರೆಸಿಕೊಳ್ಳಲು ತೀರ್ಮಾನಿಸಿಯಾಗಿತ್ತು. 1844ರ ಫೆಬ್ರವರಿಯಲ್ಲಿ ಅವರ ಸ್ಥಾನಕ್ಕೆ ಬೇರೊಬ್ಬರು ಬಂದರು. ಚಾಟಿ ಮರಳಿತು. 1846ರ ಜುಲೈಯಲ್ಲಿ ಮತ್ತೆ ದಂಗೆಯಾಗಿ, ಅದೇ ಅಕ್ಟೋಬರದಲ್ಲಿ 12 ಮಂದಿಯನ್ನು ಗಲ್ಲಿಗೇರಿಸಲಾಯಿತು. 1849ರಲ್ಲಿ ಮೆಕಾನಕಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯ ಅಧಿಪತಿಯಾದರು. ಮರುವರ್ಷ ಅದೇ ನಗರದ ಬಿಷಪರಾದವರು ನಾರ್ಫೋಕಿನ ಗಲ್ಲುಗಂಬದ ಬಳಿ ನಿಂತಿದ್ದ ಉಲ್ಲತೋರ್ನರೇ. ಅಲ್ಲಿಯೂ ಮೆಕಾನಕಿ ಅತಿಯಾಗಿ ಮೃದುವೆಂಬ ದೂರು ಬಂದು 1851ರಲ್ಲಿ ಕೆಲಸ ಹೋಯಿತು. ಅನಂತರ ಬಂದ ಕಠೋರ ಆಡಳಿತದಲ್ಲಿ, 1853ರಲ್ಲಿ, 15 ವರ್ಷದ ಬಾಲಕನೊಬ್ಬ ಕೋಣೆಯಲ್ಲಿ ನೇಣು ಹಾಕಿಕೊಂಡನು. 1860ರ ಅಕ್ಟೋಬರ್ 25ರಂದು ಮೆಕಾನಕಿ ಇಂಗ್ಲೆಂಡಿನಲ್ಲಿ ತೀರಿಕೊಂಡಾಗ ಲೋಕದ ದೃಷ್ಟಿಯಲ್ಲಿ ಅವರು ಸೋತ ಮನುಷ್ಯರು.

ಬೀಜವಾದರೋ ಸಾಯಲಿಲ್ಲ. 1854ರಿಂದ ಐರ್ಲೆಂಡಿನ ಸೆರೆಮನೆಗಳ ಹೊಣೆ ಹೊತ್ತ ವಾಲ್ಟರ್ ಕ್ರಾಫ್ಟನ್ ಅವರ ವಿಚಾರವನ್ನು ಹಂತಹಂತದ ಬಿಡುಗಡೆಯ ಪದ್ಧತಿಯಾಗಿ ಬೆಳೆಸಿದರು. 1876ರಲ್ಲಿ ಅಮೆರಿಕದ ಎಲ್ಮೈರಾದಲ್ಲಿ ತೆರೆದ ಸುಧಾರಣಾಲಯಕ್ಕೆ ಅದು ಮಾದರಿಯಾಯಿತು. ನಮ್ಮ ದೇಶದ 1894ರ ಕಾರಾಗೃಹ ಕಾಯಿದೆಯೂ ಶಿಕ್ಷಾ ರಿಯಾಯಿತಿಯನ್ನು ವಿವರಿಸುವಾಗ, ಕೈದಿಗಳಿಗೆ ಅಂಕ ನೀಡಿ ತನ್ಮೂಲಕ ಶಿಕ್ಷೆಯನ್ನು ಕಡಿಮೆಗೊಳಿಸುವ ನಿಯಮಗಳೆಂದೇ ಹೇಳಿದೆ. ಆ ತಾಯಿಯ ಮಗನ ಕಡತಕ್ಕೂ ನಾರ್ಫೋಕ್ ದ್ವೀಪದ ಅಂಕಪುಸ್ತಕಕ್ಕೂ ಇರುವ ನಂಟು ಇದು.

ನಾವು ಪತ್ರ ಬರೆದೆವೇ ಎಂದು ಓದುಗ ಬಂಧುಗಳು ಕೇಳಬಹುದು. ಬರೆದೆವು, ಆದರೆ ಅಂದೇ ಅಲ್ಲ. ಮೊದಲು ಸೆರೆಮನೆಗೆ ಹೋಗಿ ಆ ಮಗನೊಡನೆ ಕುಳಿತೆವು. ತಾನು ಒಳ್ಳೆಯವನೆಂದು ಬರೆಯಬೇಡ, ಹದಿಮೂರು ವರ್ಷಗಳಲ್ಲಿ ಏನು ಮಾಡಿದೆಯೋ ಅದನ್ನು ವರ್ಷವಾರು ಬರೆ ಎಂದೆವು. ಕಲಿತ ಬಡಗಿ ಕೆಲಸ, ಇಬ್ಬರಿಗೆ ಓದು ಕಲಿಸಿದ್ದು, ಕೂಲಿಯನ್ನು ತಾಯಿಗೆ ಕಳುಹಿಸಿದ್ದು, ರಜೆಯ ಮೇಲೆ ಊರಿಗೆ ಬಂದು ಹೇಳಿದ ದಿನಕ್ಕೇ ಮರಳಿದ್ದು, ಜೊತೆಗೆ ಮೂರನೆಯ ವರ್ಷದ ಹೊಡೆದಾಟ ಕೂಡ. ಮುಚ್ಚಿಟ್ಟ ತಪ್ಪು ಲೆಕ್ಕವನ್ನೆಲ್ಲ ಸುಳ್ಳಾಗಿಸುತ್ತದೆ. ನಾವು ನಮ್ಮ ಪತ್ರದಲ್ಲಿ ಕಣ್ಣಾರೆ ಕಂಡುದನ್ನಷ್ಟೇ ಸೇರಿಸಿದೆವು.

ಒಂದು ಪುಟ ಮಾತ್ರ ಖಾಲಿ ಉಳಿದಿತ್ತು. ಹತನಾದವನ ಮನೆಯವರಿಗೆ ಇದುವರೆಗೆ ಒಂದು ಮಾತನ್ನೂ ಹೇಳಿಲ್ಲವೆಂದು ಆತನು ತಲೆತಗ್ಗಿಸಿದನು. ಯಾವ ಸಮಿತಿಯೂ ಆ ಪುಟಕ್ಕೆ ಅಂಕ ಕೊಡಲಾರದು. ಅವರು ಕ್ಷಮಿಸಲೇಬೇಕೆಂದು ಒತ್ತಾಯಿಸುವ ಹಕ್ಕು ನಮಗೂ ಇಲ್ಲ. ಆ ಮನೆಯ ಯಜಮಾನಿತಿಯನ್ನು ಕಂಡು, ಅವರ ಒಪ್ಪಿಗೆ ಪಡೆದು, ಆತನ ಕೈಬರಹದ ಪತ್ರವನ್ನು ತಲಪಿಸಿದ್ದೇವೆ. ಅವರು ಅದನ್ನು ಒಡೆಯದೆ ಪ್ರಾರ್ಥನಾ ಪುಸ್ತಕದೊಳಗೆ ಇಟ್ಟುಕೊಂಡಿದ್ದಾರೆ. ಈ ಎರಡೂ ಮನೆಗಳನ್ನು ನಿಮ್ಮ ಸಂಜೆಯ ಜಪಸರದಲ್ಲಿ ನೆನೆಯಿರೆಂದು ಬೇಡುತ್ತೇವೆ.