ಬಿಸಿಲನ್ನೂ ಬಡವನನ್ನೂ ಬಲ್ಲ ಗುರು

ಮನೆ ಕಟ್ಟಿ ನೋಡು ಎನ್ನುತ್ತದೆ ನಮ್ಮ ಗಾದೆ. ಆ ಮಾತಿನ ಕಷ್ಟವನ್ನು ಒಂದು ಸಂಸಾರದ ಮಟ್ಟಿಗಲ್ಲದೆ ಒಂದು ದೇಶದ ಮಟ್ಟಿಗೇ ಕಂಡುಂಡವರು ಒಟ್ಟೊ ಕೋನಿಗ್ಸ್‌ಬರ್ಗರ್. ಮೈಸೂರು ಸಂಸ್ಥಾನದ ಪ್ರಧಾನ ವಾಸ್ತುಶಿಲ್ಪಿಯಾಗಿದ್ದ ಈ ಜರ್ಮನ್ ಮಹನೀಯರು ಮುಂದೆ ಲಂಡನ್ನಿನಲ್ಲಿ ಉಷ್ಣದೇಶಗಳ ವಾಸ್ತುವಿದ್ಯೆಯ ಗುರುಗಳಾಗಿ ಹೆಸರಾದರು.

1908ರಲ್ಲಿ ಬರ್ಲಿನ್ ನಗರದಲ್ಲಿ ಜನಿಸಿದ ಅವರು ಅಲ್ಲಿಯೇ ಹಾನ್ಸ್ ಪೋಲ್ಸಿಗ್ ಮೊದಲಾದವರ ಬಳಿ ವ್ಯಾಸಂಗ ಮಾಡಿದರು. 1933ರಲ್ಲಿ ಹಿಟ್ಲರನ ಆಡಳಿತ ಬಂದೊಡನೆ, ಯೆಹೂದ್ಯರೆಂಬ ಕಾರಣಕ್ಕೆ ಅವರ ಸರ್ಕಾರಿ ಉದ್ಯೋಗ ಹೋಯಿತು. ಕೆಲವು ವರ್ಷ ಈಜಿಪ್ಟಿನಲ್ಲಿ ಪ್ರಾಚೀನ ಕಟ್ಟಡಗಳ ಸಂಶೋಧನೆಯಲ್ಲಿ ಕಳೆದರು. ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ ಬೆಂಗಳೂರಿನಲ್ಲಿ ಕೆಲಕಾಲವಿದ್ದ ವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರಿಗೆ ಸೋದರಮಾವ. 1939ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ಲರು ದಿವಾನರಾಗಿದ್ದಾಗ, ಕೋನಿಗ್ಸ್‌ಬರ್ಗರ್ ಮೈಸೂರಿನ ಸೇವೆಗೆ ಬಂದರು.

ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗ ಮತ್ತು ಭೋಜನಶಾಲೆ, ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಇವು ಅವರ ಕೃತಿಗಳು. ಬಿಸಿಲಿನ ಓರೆಯನ್ನೂ ಗಾಳಿಯ ದಿಕ್ಕನ್ನೂ ಅನುಸರಿಸಿ ಕಟ್ಟಡ ನಿಲ್ಲಿಸುವ ಪಾಠವನ್ನು ಅವರು ಇಲ್ಲಿಯೇ ಬಲಪಡಿಸಿಕೊಂಡರು. ಜಮ್‌ಷೆಡ್‌ಪುರ ಮತ್ತು ಭುವನೇಶ್ವರ ನಗರಗಳ ಯೋಜನೆಗಳನ್ನೂ ಅವರು ರಚಿಸಿದರು.

1948ರಲ್ಲಿ ಅವರು ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ದೇಶ ವಿಭಜನೆಯಿಂದ ಲಕ್ಷೋಪಲಕ್ಷ ನಿರಾಶ್ರಿತರು ಬಂದಿದ್ದ ಕಾಲವದು. ಸ್ವತಃ ನೆಲೆ ಕಳೆದುಕೊಂಡಿದ್ದವರ ಹೆಗಲಿಗೆ ನೆಲೆಗೆಟ್ಟವರಿಗೆ ಸೂರು ಒದಗಿಸುವ ಹೊಣೆ ಬಿದ್ದಿತು. ಮನೆಯ ಗೋಡೆಗಳನ್ನು ಅಚ್ಚಿನಲ್ಲಿ ಎರೆದು ಜೋಡಿಸಲೆಂದು ದೆಹಲಿಯಲ್ಲಿ ಕಾರ್ಖಾನೆಯೊಂದು ಸ್ಥಾಪಿತವಾಯಿತು. ಹೊರದೇಶದಿಂದ ತಂದ ಆ ವಿಧಾನ ಇಲ್ಲಿ ಫಲಿಸಲಿಲ್ಲ. ಗೋಡೆಗಳು ಬಿರುಕುಬಿಟ್ಟವು, ಟೀಕೆಗಳ ಸುರಿಮಳೆಯಾಯಿತು. 1951ರಲ್ಲಿ ಅವರು ಭಾರತವನ್ನು ಬಿಟ್ಟು ಲಂಡನ್ನಿಗೆ ತೆರಳಿದರು.

ಅಲ್ಲಿ ಅವರಿಗಾಗಿ ಬೇರೊಂದು ಕೆಲಸ ಕಾದಿತ್ತು. ಇಂಗ್ಲೆಂಡಿನಲ್ಲಿ ಓದುತ್ತಿದ್ದ ನೈಜೀರಿಯಾದ ವಿದ್ಯಾರ್ಥಿ ಅಡೆಡೊಕುನ್ ಅಡೆಯೆಮಿ, ತಾನು ಕಲಿತ ವಿದ್ಯೆ ತನ್ನ ನಾಡಿನ ಹವೆಗೆ ಸಲ್ಲದೆಂದು ಕೊರಗಿದ. ಅವನ ಪ್ರಯತ್ನದಿಂದ 1953ರಲ್ಲಿ ಲಂಡನ್ನಿನಲ್ಲಿ ಒಂದು ಸಮ್ಮೇಳನ ಸೇರಿತು. ಮರುವರ್ಷವೇ ಆರ್ಕಿಟೆಕ್ಚರಲ್ ಅಸೋಸಿಯೇಷನ್ನಿನ ಶಾಲೆಯಲ್ಲಿ ಉಷ್ಣವಲಯ ವಾಸ್ತುವಿದ್ಯೆಯ ವಿಭಾಗ ಆರಂಭವಾಯಿತು. ಮ್ಯಾಕ್ಸ್‌ವೆಲ್ ಫ್ರೈ ಅವರ ತರುವಾಯ, 1957ರಲ್ಲಿ, ಕೋನಿಗ್ಸ್‌ಬರ್ಗರ್ ಅದರ ಮುಖ್ಯಸ್ಥರಾದರು.

ಏಷ್ಯಾ ಆಫ್ರಿಕಗಳಿಂದ ಬಂದ ಶಿಷ್ಯರಿಗೆ ಅಲ್ಲಿ ಕಟ್ಟಡದ ಅಂದಕ್ಕಿಂತ ಮೊದಲು ಊರಿನ ಹವೆಯ ಪಾಠ. ಈ ಕ್ರಮವೇ ಮುಂದೆ ಕಾರ್ಲ್ ಮಹೋನಿಯವರ ಹೆಸರಿನ ಕೋಷ್ಟಕಗಳಾಗಿ ರೂಪುಗೊಂಡಿತು. ಹನ್ನೆರಡು ತಿಂಗಳ ಶಾಖ, ತೇವ, ಮಳೆ, ಗಾಳಿಗಳನ್ನು ಕೋಷ್ಟಕದಲ್ಲಿ ಬರೆದು, ಹಗಲಿನಲ್ಲೂ ಇರುಳಿನಲ್ಲೂ ಮೈಗೆ ಹಿತವಾಗುವ ಮಿತಿಯೊಡನೆ ತಾಳೆ ನೋಡಬೇಕು. ಮನೆ ಯಾವ ದಿಕ್ಕಿಗಿರಬೇಕು, ಕಿಟಕಿ ಎಷ್ಟು ಅಗಲ, ಗೋಡೆ ದಪ್ಪವೋ ತೆಳುವೋ, ಇರುಳು ಹೊರಗೆ ಮಲಗಲು ಜಾಗ ಬೇಕೋ ಎಂಬುದೆಲ್ಲ ಆ ಲೆಕ್ಕದಿಂದ ತಿಳಿಯುತ್ತದೆ. ಯಂತ್ರ ಬೇಕಿಲ್ಲ, ಹಣವೂ ಬೇಕಿಲ್ಲ. ಕಾಗದ ಪೆನ್ಸಿಲು ಸಾಕು. ಹವೆಯಷ್ಟೇ ಮುಖ್ಯ ಅಲ್ಲಿ ವಾಸಿಸುವವರ ವರಮಾನ ಮತ್ತು ಬದುಕಿನ ರೀತಿ. 1963ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಸಿಂಗಪುರಕ್ಕೆ ಸಲಹೆ ನೀಡಿದ ಮೂವರಲ್ಲಿ ಅವರೂ ಒಬ್ಬರು.

1971ರಲ್ಲಿ ಆ ವಿಭಾಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿತು. ಉಷ್ಣದೇಶಗಳ ಗೃಹನಿರ್ಮಾಣವನ್ನು ಕುರಿತು ಅವರು ಸಂಗಡಿಗರೊಡನೆ ಬರೆದ ಕೈಪಿಡಿ ವಿದ್ಯಾರ್ಥಿಗಳಿಗೆ ಪಠ್ಯವಾಯಿತು. 1999ರಲ್ಲಿ ಅವರು ನಿಧನರಾದರು.

ದೆಹಲಿಯಲ್ಲಿ ಅವರಿಗೆ ಸಾವಿರಾರು ಮನೆಗಳನ್ನು ಕೊಡಲಾಗಲಿಲ್ಲ. ಆದರೆ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳನ್ನು ಒಂದು ತಲೆಮಾರಿಗೆ ಕಲಿಸಿಕೊಟ್ಟರು. ಬಿಸಿಲಿಗೆ ಗಾಜಿನ ಗೋಡೆಯೊಡ್ಡಿ, ಒಳಗಿನ ಸೆಕೆಯನ್ನು ಯಂತ್ರದಿಂದ ಹೊರದೂಡುವ ಇಂದಿನ ಬೆಂಗಳೂರಿಗೆ ಆ ಪ್ರಶ್ನೆಗಳು ಹಳೆಯವಾಗಿಲ್ಲ.